ಪೊಟ್ಟಣವೋ ಪೆಟ್ಟಿಗೆಯೋ

ಕಲಬುರಗಿಯ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ ಇದು. ಆಡಿದ್ದನ್ನು ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುನಡುವೆ ಬಂದ ಚಹಾ ಮತ್ತು ಮಕ್ಕಳ ಗಲಾಟೆಯನ್ನು ಬಿಟ್ಟಿದ್ದೇನೆ.

ಎಲ್ಲರಿಗೂ ಶರಣು ಶರಣಾರ್ಥಿ.

ಈಗ ಹತ್ತು ನಿಮಿಷದ ಹಿಂದೆ ಇಲ್ಲಿ ಏನಾಯಿತು ಅಂತ ಎಲ್ಲರೂ ನೋಡಿದಿರಿ. ದೀಪ ಹಚ್ಚಿ ಕಾರ್ಯಕ್ರಮ ಶುರು ಮಾಡಬೇಕಿತ್ತು. ಸಮೆ ಇತ್ತು, ಎಣ್ಣೆ ಇತ್ತು, ಬತ್ತಿ ಇತ್ತು. ಹಚ್ಚುವುದಕ್ಕೆ ಏನೂ ಇರಲಿಲ್ಲ. ಒಬ್ಬರು ‘ಕಡ್ಡಿಪೆಟಗಿ ಎಲ್ಲದ?’ ಅಂದರು. ಹಿಂದಿನ ಸಾಲಿನಿಂದ ‘ಮಾಚಿಸ್ ಕಿಸ್ಕೆ ಪಾಸ್ ಹೈ?’ ಅಂತ ದನಿ ಬಂತು. ಬ್ಯಾಂಕಿನ ಕೆಲಸಕ್ಕೆ ಮೈಸೂರಿನಿಂದ ವರ್ಗವಾಗಿ ಬಂದ ನಮ್ಮ ಓಣಿಯವರೊಬ್ಬರು ‘ಬೆಂಕಿಪೊಟ್ಟಣ ಯಾರ ಹತ್ರಾನೂ ಇಲ್ವಾ?’ ಅಂದರು. ಕೊನೆಗೆ ಕಾಲೇಜಿನ ಹುಡುಗನೊಬ್ಬ ಜೇಬಿನಿಂದ ಲೈಟರ್ ತೆಗೆದ. ಅವನ ಜೇಬಿನಲ್ಲಿ ಲೈಟರ್ ಯಾಕಿತ್ತು ಅಂತ ಅವರಪ್ಪ ಮನೆಗೆ ಹೋಗಿ ವಿಚಾರಿಸಿಕೊಳ್ಳಲಿ.

ನಿಜ ಹೇಳಬೇಕೆಂದರೆ ನನ್ನ ಚೀಲದಲ್ಲಿ ಒಂದಿತ್ತು. ನೋಡಿ, ಇದೇ. ಬೇಕಂತಲೇ ತೆಗೆಯಲಿಲ್ಲ. ಮೂರು ಹೆಸರು ನಿಮ್ಮ ಬಾಯಿಂದಲೇ ಬರಲಿ ಅಂತ ಸುಮ್ಮನೆ ಕೂತಿದ್ದೆ. ಎರಡು ರೂಪಾಯಿಯ ಈ ವಸ್ತುವಿನ ಬಗ್ಗೆ ಒಂದು ತಾಸು ಮಾತಾಡ್ತಾಳಂತೆ, ಕಡ್ಡಿಯನ್ನು ಗುಡ್ಡ ಮಾಡ್ತಾಳೆ ಅಂತ ನಿಮ್ಮಲ್ಲಿ ಕೆಲವರು ಅಂದುಕೊಂಡಿರಬಹುದು. ಮಾಡ್ತೀನಿ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳಿಗೆ ಬೇರೆ ಏನು ಬರುತ್ತದೆ?

ಈ ಮಾತು ನನ್ನ ತಲೆಗೆ ಹೊಕ್ಕಿದ್ದು ಅಡುಗೆಮನೆಯಲ್ಲಿ. ನನ್ನ ಸೊಸೆ ಮಂಡ್ಯದ ಕಡೆಯವಳು. ಮದುವೆಯಾಗಿ ಬಂದ ಹೊಸದು. ಒಂದು ಸಂಜೆ ಕರೆಂಟು ಹೋಯಿತು. ಕತ್ತಲಲ್ಲಿ ಅವಳು ‘ಅತ್ತೆ, ಬೆಂಕಿಪೊಟ್ಟಣ ಎಲ್ಲಿದೆ?’ ಅಂತ ಕೇಳಿದಳು. ನನ್ನ ಅತ್ತೆ ಆಗಿನ್ನೂ ಇದ್ದರು. ಆಳಂದದ ಕಡೆಯ ಮುದುಕಿ. ಮೂಲೆಯಲ್ಲಿ ಕೂತು ಎಲೆ ಹಾಕಿಕೊಳ್ಳುತ್ತಿದ್ದವರು ತಟಕ್ಕನೆ ಅಂದರು: ‘ಬೆಂಕೀನ ಯಾರರೆ ಪೊಟ್ಣ ಕಟ್ತಾರೇನವ್ವಾ? ಪೊಟ್ಣಾನೇ ಸುಟ್ಟು ಹೋಗ್ತದಲ್ಲ!’

ಕತ್ತಲಲ್ಲೇ ಮೂವರೂ ನಕ್ಕೆವು. ದೀಪ ಹಚ್ಚುವುದು ಹತ್ತು ನಿಮಿಷ ತಡವಾಯಿತು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮುದುಕಿ ಕೇಳಿದ್ದು ಸರಿ ಅಲ್ವಾ? ಬೆಂಕಿಯನ್ನು ಪೊಟ್ಟಣ ಕಟ್ಟುವುದು ಹೇಗೆ?

ಮೊದಲು ಪೊಟ್ಟಣ ಅಂದರೇನು ನೋಡೋಣ. ಕಾಗದವನ್ನೋ ಎಲೆಯನ್ನೋ ಮಡಚಿ, ಒಳಗೆ ಏನಾದರೂ ಇಟ್ಟು, ಮೇಲೆ ದಾರ ಸುತ್ತಿದರೆ ಅದು ಪೊಟ್ಟಣ. ನಾವು ಇಲ್ಲಿ ಪುಡಿಕಿ ಅನ್ನುತ್ತೇವೆ. ಸಕ್ಕರೆ ಪುಡಿಕಿ, ಚಹಾಪುಡಿ ಪುಡಿಕಿ, ದೇವರ ಅಂಗಾರದ ಪುಡಿಕಿ. ಹಳೆಯ ಕಿರಾಣಿ ಅಂಗಡಿಯವರು ಪೇಪರ್ ಹರಿದು, ಗಿರ್ರನೆ ಸುತ್ತಿ, ತುದಿ ಒಳಗೆ ಸಿಕ್ಕಿಸಿ, ಮೇಲಿಂದ ಇಳಿಬಿಟ್ಟ ದಾರವನ್ನು ಎಳೆದು ಕಟ್ಟುತ್ತಿದ್ದದ್ದು ನೆನಪಿದೆಯಾ? ಆ ಕೈಚಳಕ ಈಗ ಪ್ಲಾಸ್ಟಿಕ್ ಚೀಲದಲ್ಲಿ ಹೋಯಿತು. ಪೊಟ್ಟಣದ ಒಂದು ಗುಣ ಇದೆ. ಬಿಚ್ಚಿದ ಮೇಲೆ ಅದು ಪೊಟ್ಟಣ ಅಲ್ಲ. ಬರೇ ಕಾಗದ. ಒಳಗಿನ ಸಾಮಾನು ಡಬ್ಬಿಗೆ ಸುರಿದು ಕಾಗದ ಬಿಸಾಕುತ್ತೇವೆ. ಕೆಲವರು ಬಿಸಾಕುವ ಮೊದಲು ಅದರ ಮೇಲಿನ ಹಳೆಯ ಸುದ್ದಿ ಓದುತ್ತಾರೆ. ನಾನೂ ಅವರಲ್ಲಿ ಒಬ್ಬಳು.

ಪೆಟ್ಟಿಗೆ ಹಾಗಲ್ಲ. ಪೆಟ್ಟಿಗೆಗೆ ಗಟ್ಟಿಯಾದ ಮೈ ಇದೆ, ಮುಚ್ಚಳ ಇದೆ. ತೆಗೆಯಬಹುದು, ಮುಚ್ಚಬಹುದು, ಮತ್ತೆ ತೆಗೆಯಬಹುದು. ಖಾಲಿಯಾದರೂ ಪೆಟ್ಟಿಗೆ ಪೆಟ್ಟಿಗೆಯೇ. ನಮ್ಮ ಭಾಗದಲ್ಲಿ ಪೆಟ್ಟಿಗೆಯ ಬಳಗ ದೊಡ್ಡದು. ಬಟ್ಟೆ ಇಡುವುದು ಸಂದೂಕ, ಅದು ಉರ್ದುವಿನಿಂದ ಬಂತು. ತಗಡಿನದಾದರೆ ಟ್ರಂಕು. ಕುಂಕುಮಕ್ಕೆ ಭರಣಿ. ಲಿಂಗಕ್ಕೆ ಕರಡಿಗೆ. ಹಿಟ್ಟಿಗೆ ಡಬ್ಬಿ. ಪೇಟಿ ಅಂದರೆ ಹಾರ್ಮೋನಿಯಂ. ಭಜನೆಗೆ ‘ಪೇಟಿ ತಗೊಂಡ್ ಬಾ’ ಅಂದರೆ ಯಾರೂ ಸಂದೂಕ ಹೊತ್ತು ತರುವುದಿಲ್ಲ.

ಹಾಗಾಗಿ ಪೊಟ್ಟಣ ಅಂಗಡಿಯ ಮಾತು, ಪೆಟ್ಟಿಗೆ ಮನೆಯ ಮಾತು. ಪೊಟ್ಟಣ ಅಂಗಡಿಯಿಂದ ಮನೆಯ ತನಕ ಬಾಳುತ್ತದೆ. ಪೆಟ್ಟಿಗೆ ಮನೆಯಲ್ಲಿ ಉಳಿಯುತ್ತದೆ. ಈ ವಸ್ತುವನ್ನು ನೋಡಿ. ಹೊರಗೆ ಒಂದು ಚಿಪ್ಪು, ಒಳಗೆ ಜಾರುವ ಒಂದು ಪುಟ್ಟ ಖಾನೆ. ತೆಗೆಯುತ್ತೇವೆ, ಮುಚ್ಚುತ್ತೇವೆ. ಕಣ್ಣಿಗೆ ಕಾಣುವುದನ್ನೇ ಹೇಳುವುದಾದರೆ ಇದು ಪೆಟ್ಟಿಗೆ. ನನ್ನ ಅತ್ತೆ ಗೆದ್ದರು ಅನ್ನಬಹುದು.

ಅಕ್ಕಪಕ್ಕದ ಭಾಷೆಗಳೂ ಅವರ ಪರವಾಗಿಯೇ ಇವೆ. ತೆಲುಗಿನವರು ಅಗ್ಗಿಪೆಟ್ಟೆ ಅನ್ನುತ್ತಾರೆ. ತಮಿಳರು ತೀಪ್ಪೆಟ್ಟಿ ಅನ್ನುತ್ತಾರೆ. ಮರಾಠಿಯಲ್ಲಿ ಆಗಪೇಟಿ ಇದೆ, ಕಾಡೇಪೇಟಿ ಇದೆ. ಬೀದರಿನಿಂದ ಯಾವ ದಿಕ್ಕಿಗೆ ಹೊರಟರೂ ಈ ಪೆಟ್ಟಿ ಜೊತೆಗೇ ಬರುತ್ತದೆ. ಪೊಟ್ಟಣ ಕೇಳಬೇಕೆಂದರೆ ಬೆಂಗಳೂರು, ಮೈಸೂರಿನ ಕಡೆ ಹೋಗಬೇಕು. ಅಲ್ಲಿ ಬೇಗ ಮಾತಾಡುವಾಗ ‘ಬೆಂಕಿಪಟ್ಣ’ ಅನ್ನುತ್ತಾರೆ. ನಾನು ಮೊದಲ ಸಲ ಕೇಳಿದಾಗ ಅದು ಯಾವ ಊರು ಅಂದುಕೊಂಡಿದ್ದೆ. ಮೇ ತಿಂಗಳಲ್ಲಿ ನಮ್ಮ ಕಲಬುರಗಿಗೆ ಆ ಹೆಸರು ಚೆನ್ನಾಗಿ ಒಪ್ಪುತ್ತದೆ.

ಹಾಗಂತ ಪೊಟ್ಟಣ ತಪ್ಪಾ? ಇಲ್ಲಿ ಒಂದು ಮಜಾ ಇದೆ. ಬಿಚ್ಚಿದ ಮೇಲೆ ಪೊಟ್ಟಣ ಪೊಟ್ಟಣ ಅಲ್ಲ ಅಂದೆನಲ್ಲ. ಆದರೆ ನನ್ನ ಸೊಸೆ ‘ಖಾಲಿ ಬೆಂಕಿಪೊಟ್ಟಣ’ ಅನ್ನುತ್ತಾಳೆ. ‘ಬೆಂಕಿಪೊಟ್ಟಣ ಮುಚ್ಚಿಡಿ’ ಅನ್ನುತ್ತಾಳೆ. ಸಕ್ಕರೆ ಪೊಟ್ಟಣವನ್ನು ಯಾರೂ ಹಾಗೆ ಮುಚ್ಚಿ ತೆಗೆದು ಮಾಡುವುದಿಲ್ಲ. ಅಂದರೆ ಅವಳ ಬಾಯಲ್ಲಿ ಬೆಂಕಿಪೊಟ್ಟಣ ಎರಡು ಮಾತಾಗಿ ಉಳಿದಿಲ್ಲ. ಒಂದೇ ಮಾತಾಗಿದೆ. ಒಳಗಿನ ಪೊಟ್ಟಣ ಯಾವತ್ತೋ ಕರಗಿದೆ. ಅದನ್ನು ಬಿಡಿಸಿ ನೋಡಿ ನಕ್ಕಿದ್ದು ನಾವು, ಹೊರಗಿನವರು. ಹೊರಗಿನವರಿಗೆ ಮಾತ್ರ ಮಾತಿನ ಹೊಲಿಗೆ ಕಾಣುತ್ತದೆ.

ನಮ್ಮ ಮಾತಿನ ಹೊಲಿಗೆ ಕಾಣಬೇಕಾದರೆ ನಾವು ಹೊರಗೆ ಹೋಗಬೇಕು. ನನಗೂ ಹಾಗೆಯೇ ಆಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತರಬೇತಿಗೆ ಅಂತ ಬೆಂಗಳೂರಿಗೆ ಹೋಗಿದ್ದೆ. ಉಳಿದುಕೊಂಡ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೋವ್ ಇತ್ತು. ಮೂಲೆ ಅಂಗಡಿಗೆ ಹೋಗಿ ‘ಅಣ್ಣಾರೆ, ಒಂದು ಕಡ್ಡಿಪೆಟ್ಟಿಗೆ ಕೊಡ್ರಿ’ ಅಂದೆ. ಅವರು ನನ್ನ ಮುಖ ನೋಡಿದರು. ‘ಯಾವ ಕಡ್ಡಿ ಅಮ್ಮ? ಮಲ್ಲಿಗೆದಾ, ಗಂಧದ್ದಾ?’ ಅಂತ ಊದಿನಕಡ್ಡಿಯ ಎರಡು ಪೆಟ್ಟಿಗೆ ಮುಂದಿಟ್ಟರು. ನಾನು ಕೈಯಲ್ಲಿ ಗೀರಿ ತೋರಿಸಿದೆ. ‘ಓ, ಬೆಂಕಿಪೊಟ್ಟಣ!’ ಅಂದರು. ತಪ್ಪು ಅವರದಲ್ಲ. ಕಡ್ಡಿ ಅಂದರೆ ನೂರು ಥರ. ಹಲ್ಲುಕಡ್ಡಿ, ಪೊರಕೆಕಡ್ಡಿ, ಊದಿನಕಡ್ಡಿ, ಸೀಸದಕಡ್ಡಿ. ಯಾವ ಕಡ್ಡಿ ಅಂತ ನಮ್ಮ ಹೆಸರು ಹೇಳುವುದಿಲ್ಲ. ನಮಗೆ ಗೊತ್ತಿರುತ್ತದೆ, ಅಷ್ಟೇ.

ಹಾಗಾಗಿ ಬರೇ ಪೊಟ್ಟಣ, ಪೆಟ್ಟಿಗೆ ನೋಡಿದರೆ ಸಾಲದು. ಮುಂದಿನ ಅರ್ಧವನ್ನೂ ನೋಡಬೇಕು. ಒಬ್ಬರು ‘ಬೆಂಕಿ’ ಅನ್ನುತ್ತಾರೆ, ಇನ್ನೊಬ್ಬರು ‘ಕಡ್ಡಿ’ ಅನ್ನುತ್ತಾರೆ. ಪೆಟ್ಟಿಗೆ ತೆಗೆದರೆ ಕಾಣುವುದು ಕಡ್ಡಿ. ಬೆಂಕಿ ಕಾಣುವುದಿಲ್ಲ. ಕಂಡರೆ ಓಡಬೇಕು! ಒಂದು ಹೆಸರು ಈಗ ಏನಿದೆ ಅಂತ ಹೇಳುತ್ತದೆ. ಇನ್ನೊಂದು ಆಮೇಲೆ ಏನು ಬರುತ್ತದೆ ಅಂತ ಹೇಳುತ್ತದೆ.

ಮಾಚಿಸ್ ಕಥೆ ಇನ್ನೂ ಚೆಂದ. ಇಂಗ್ಲಿಷಿನಲ್ಲಿ ಒಂದು ಕಡ್ಡಿ ಮ್ಯಾಚ್. ಹಲವಾದರೆ ಮ್ಯಾಚಸ್. ಆ ಬಹುವಚನ ಹಡಗಿಳಿದು ನಮ್ಮ ದೇಶಕ್ಕೆ ಬಂದು ಏಕವಚನವಾಯಿತು. ‘ಏಕ್ ಮಾಚಿಸ್ ದೇವ್’ ಅಂದರೆ ಒಂದು ಕಡ್ಡಿ ಅಲ್ಲ, ಪೂರಾ ಪೆಟ್ಟಿಗೆ. ಬರೇ ಒಂದು ಕಡ್ಡಿ ಬೇಕಾದರೆ ನಮ್ಮ ಕಡೆಯ ಉರ್ದು, ಅಂದರೆ ದಖನಿ ಆಡುವವರು ‘ಮಾಚಿಸ್ ಕಿ ಕಾಡಿ’ ಅನ್ನಬೇಕು. ಇಂಗ್ಲಿಷ್ ಮೇಷ್ಟ್ರು ಕೇಳಿದರೆ ತಲೆ ಚಚ್ಚಿಕೊಂಡಾರು. ನಾವೂ ‘ಒಂದು ಚಿಪ್ಸು ಕೊಡು’ ಅನ್ನುತ್ತೇವಲ್ಲ, ಹಾಗೆ. ಇನ್ನೊಂದು ಮಾತು. ಈ ಮ್ಯಾಚಿಗೂ ಕ್ರಿಕೆಟ್ ಮ್ಯಾಚಿಗೂ ಸಂಬಂಧ ಇಲ್ಲ. ಇದು ಫ್ರೆಂಚಿನಿಂದ ಇಂಗ್ಲಿಷಿಗೆ ಹೋದ ಮಾತು. ಮೊದಲು ದೀಪದ ಬತ್ತಿ ಅಂತ ಅರ್ಥ ಇತ್ತು.

ಇಂಗ್ಲಿಷಿನಲ್ಲೂ ಇಂಥದೇ ಒಂದು ಜೋಡಿ ಇದೆ. ನನ್ನ ಮೊಮ್ಮಗನ ಶಾಲೆಯಲ್ಲಿ ಕೇಳಿದ ಪ್ರಶ್ನೆ ಅದು. ಮ್ಯಾಚ್‌ಬಾಕ್ಸ್ ಅಂದರೇನು, ಬಾಕ್ಸ್ ಆಫ್ ಮ್ಯಾಚಸ್ ಅಂದರೇನು? ಅವನು ಎರಡೂ ಒಂದೇ ಅಂತ ಬರೆದು ಬಂದಿದ್ದ. ನಾನು ಇಂಗ್ಲಿಷ್ ಬಿಟ್ಟು ನಮ್ಮ ಮಾತಲ್ಲೇ ಅವನಿಗೆ ಹೇಳಿದೆ.

‘ಕಡ್ಡಿಪೆಟ್ಟಿಗೆ’ ಅನ್ನು. ಈಗ ‘ಒಂದು ಪೆಟ್ಟಿಗೆ ಕಡ್ಡಿ’ ಅನ್ನು. ಮೊದಲನೆಯದು ಪೆಟ್ಟಿಗೆಯ ಹೆಸರು. ಒಳಗೆ ಕಡ್ಡಿ ಇರಲಿ, ಬಿಡಲಿ. ಎರಡನೆಯದು ಕಡ್ಡಿಯ ಲೆಕ್ಕ. ‘ಖಾಲಿ ಕಡ್ಡಿಪೆಟ್ಟಿಗೆ’ ಅನ್ನಬಹುದು. ‘ಖಾಲಿ ಒಂದು ಪೆಟ್ಟಿಗೆ ಕಡ್ಡಿ’ ಅನ್ನಲಿಕ್ಕೆ ಬರುವುದಿಲ್ಲ. ಕಡ್ಡಿ ಇಲ್ಲದಿದ್ದರೆ ಲೆಕ್ಕ ಯಾತರದ್ದು? ಇಂಗ್ಲಿಷಿನ ಆ ಎರಡು ಮಾತುಗಳ ನಡುವಿನ ಅಂತರವೂ ಇಷ್ಟೇ.

ಇದು ನಮಗೆ ಹೊಸತಲ್ಲ. ನಿಮ್ಮಲ್ಲಿ ಹೊಲ ಮಾಡುವವರು ಎಷ್ಟು ಮಂದಿ ಇದ್ದೀರಿ? ‘ತೊಗರಿ ಚೀಲ’ಕ್ಕೂ ‘ಚೀಲ ತೊಗರಿ’ಗೂ ಫರಕು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ತವರಿನಲ್ಲಿ ರಾಶಿ ನಡೆದಿತ್ತು. ಅಪ್ಪ ಹೊಸ ಆಳಿಗೆ ‘ಹತ್ತು ತೊಗರಿ ಚೀಲ ಬಂಡ್ಯಾಗ ಹಾಕು’ ಅಂದರು. ಅವನು ಮನೆಯ ಅಟ್ಟ ಹತ್ತಿ ಹತ್ತು ಖಾಲಿ ಚೀಲ ಇಳಿಸಿ, ಮಡಚಿ, ಬಂಡಿಯಲ್ಲಿ ಇಟ್ಟ. ಅಪ್ಪ ಕಲಬುರಗಿ ಬಜಾರಕ್ಕೆ ಹೊರಡಲು ಬಂದು ನೋಡಿದರೆ ಬಂಡಿ ಹಗುರ. ಬೈಗುಳ ಬಿತ್ತು. ಆದರೆ ಅವನು ಕೇಳಿದ್ದರಲ್ಲಿ ತಪ್ಪೇನಿತ್ತು? ತೊಗರಿ ಹಾಕುವ ಚೀಲವೂ ತೊಗರಿ ಚೀಲವೇ. ‘ಹತ್ತು ಚೀಲ ತೊಗರಿ’ ಅಂದಿದ್ದರೆ ಬಂಡಿ ತುಂಬುತ್ತಿತ್ತು. ಅಂದಿನಿಂದ ಅಪ್ಪ ಅವನಿಗೆ ಹೇಳುವಾಗ ಎರಡೆರಡು ಸಲ ಯೋಚಿಸುತ್ತಿದ್ದರು. ಅವನಿಗೆ ನಾವು ‘ವ್ಯಾಕರಣ’ ಅಂತ ಹೆಸರಿಟ್ಟಿದ್ದೆವು.

ಚರಿಗಿಯ, ಅಂದರೆ ಚೊಂಬಿನ ಉದಾಹರಣೆಯನ್ನೂ ಹೇಳಿಬಿಡ್ತೀನಿ, ಹೆಂಗಸರು ನಗಬೇಡಿ. ಮನೆಗೆ ಬಂದವರಿಗೆ ‘ಒಂದು ಚರಿಗಿ ನೀರು ಕೊಡವ್ವಾ’ ಅಂದರೆ ಅದು ಮರ್ಯಾದೆ. ‘ನೀರಿನ ಚರಿಗಿ ತಗೊಂಡು ಹೋದ್ರು’ ಅಂದರೆ ಅವರು ಎಲ್ಲಿಗೆ ಹೋದರು ಅಂತ ನಾನು ಬಿಡಿಸಿ ಹೇಳುವುದಿಲ್ಲ. ಅದೇ ಚರಿಗಿ, ಅದೇ ನೀರು.

ನಮ್ಮ ಭಾಷೆಯಲ್ಲಿ ಇದಕ್ಕೆ ಬೇರೆ ಪದ ಬೇಕಿಲ್ಲ, ನಡುವೆ ‘ಆಫ್’ ಅಂತ ಕೊಂಡಿಯೂ ಬೇಕಿಲ್ಲ. ಮಾತು ಹಿಂದು ಮುಂದು ಮಾಡಿದರೆ ಆಯಿತು. ಅಳತೆ ಮುಂದೆ ಬಂದರೆ ಒಳಗಿನದು ಮುಖ್ಯ. ಅಳತೆ ಹಿಂದೆ ಹೋದರೆ ಹೊರಗಿನದು ಮುಖ್ಯ. ಕೊಡ ನೀರು, ನೀರಿನ ಕೊಡ. ಕಪ್ ಚಹಾ, ಚಹಾದ ಕಪ್. ಚಹಾದ ಕಪ್ ಒಡೆಯುತ್ತದೆ. ಕಪ್ ಚಹಾ ಒಡೆಯುವುದಿಲ್ಲ, ಆರುತ್ತದೆ.

ಕಡ್ಡಿ ಇಲ್ಲದ ಕಡ್ಡಿಪೆಟ್ಟಿಗೆಗೆ ಎಷ್ಟು ಬಾಳು ಇದೆ ಅಂತ ನೋಡಿದರೆ ಆಶ್ಚರ್ಯ. ನಾವು ಚಿಕ್ಕವರಿದ್ದಾಗ ಎರಡು ಖಾಲಿ ಪೆಟ್ಟಿಗೆಗೆ ದಾರ ಕಟ್ಟಿ ಫೋನು ಮಾಡುತ್ತಿದ್ದೆವು. ಸಾಲಾಗಿ ಜೋಡಿಸಿದರೆ ರೈಲು. ಮೇಲಿನ ಛಾಪಾ ಹರಿದು ಇಸ್ಪೀಟಿನಂತೆ ಆಡುತ್ತಿದ್ದೆವು. ಹಡಗಿನ ಛಾಪಾ ಎಲ್ಲರ ಹತ್ತಿರ ಇರುತ್ತಿತ್ತು, ಅದಕ್ಕೆ ಬೆಲೆ ಕಡಿಮೆ. ತಾಯಂದಿರು ಸೂಜಿ, ಗುಂಡಿ, ಮೂಗುತಿಯ ತಿರುಪು ಅದರಲ್ಲಿ ಇಡುತ್ತಿದ್ದರು. ಇಂಗ್ಲೆಂಡಿನಲ್ಲಿ 1953ರಲ್ಲಿ ಲೆಸ್ನಿ ಎಂಬ ಕಂಪನಿ ಪುಟ್ಟ ಆಟಿಕೆ ಕಾರುಗಳಿಗೆ ಮ್ಯಾಚ್‌ಬಾಕ್ಸ್ ಅಂತಲೇ ಹೆಸರಿಟ್ಟಿತು. ಆ ಅಳತೆಯ ಡಬ್ಬಿಯಲ್ಲಿ ಹಿಡಿಸುತ್ತಿದ್ದವು ಅಂತ. ಅದರಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಇಲ್ಲೇ ತೆಲಂಗಾಣದ ಸಿರ್ಸಿಲ್ಲಾದಲ್ಲಿ ಕಡ್ಡಿಪೆಟ್ಟಿಗೆಯಲ್ಲಿ ಹಿಡಿಸುವಂಥ ಸೀರೆ ನೇಯ್ದಿದ್ದಾರೆ. ಸೀರೆ ಒಳಗಿದ್ದರೂ ಅದನ್ನು ಯಾರೂ ಸೀರೆಪೆಟ್ಟಿಗೆ ಅನ್ನಲಿಲ್ಲ. ಅಗ್ಗಿಪೆಟ್ಟೆ ಅಂತಲೇ ಅಂದರು.

ಇಲ್ಲಿಯ ತನಕ ನಾನು ಪೆಟ್ಟಿಗೆಯನ್ನು ಬರೇ ಪಾತ್ರೆಯಂತೆ ಕಂಡೆ. ಕಡ್ಡಿಯೇ ಸಾಮಾನು, ಪೆಟ್ಟಿಗೆ ಅದನ್ನು ಹೊರುವುದು. ನಿಜಕ್ಕೂ ಹಾಗಲ್ಲ. ಇದನ್ನು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಕಡ್ಡಿ ಬರುವ ಮುಂಚೆ ನಮ್ಮ ಕಡೆ ಚಕಮಕಿ ಇತ್ತು. ಉಕ್ಕಿನ ತುಂಡು, ಕಲ್ಲು, ಒಂದಿಷ್ಟು ಅರಳೆ. ಚಕಮಕಿ ತುರ್ಕಿ ಮೂಲದ ಮಾತು. ತುರ್ಕಿಯಲ್ಲಿ ಇವತ್ತಿಗೂ ಲೈಟರಿಗೆ ಚಕ್ಮಕ್ ಅನ್ನುತ್ತಾರೆ. ನಮ್ಮಲ್ಲಿ ಮಾತ್ರ ಈಗ ಪೇಪರಿನಲ್ಲಿ ‘ಮಾತಿನ ಚಕಮಕಿ’ ಅಂತ ಉಳಿದಿದೆ. ಚಕಮಕಿ ಇಲ್ಲದವರು ಪಕ್ಕದ ಮನೆಗೆ ಕುಳ್ಳು ಹಿಡಿದು ಹೋಗುತ್ತಿದ್ದರು. ‘ಬೆಂಕಿ ಅದ ಏನವ್ವಾ?’ ಅಂತ ಕೇಳಿ, ಅವರ ಒಲೆಯಿಂದ ಒಂದು ಕೆಂಡ ಇಟ್ಟುಕೊಂಡು ಬರುತ್ತಿದ್ದರು. ಬೆಂಕಿ ಸಾಲ ಅದು. ತೀರಿಸಬೇಕಾಗಿಲ್ಲ.

1827ರ ಏಪ್ರಿಲ್ 7. ಇಂಗ್ಲೆಂಡಿನ ಸ್ಟಾಕ್ಟನ್ ಎಂಬ ಊರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಜಾನ್ ವಾಕರ್ ಎಂಬವರು ಗೀರಿದರೆ ಹತ್ತುವ ಕಡ್ಡಿಯನ್ನು ಮೊದಲ ಸಲ ಮಾರಿ ಲೆಕ್ಕದಲ್ಲಿ ಬರೆದುಕೊಂಡರು. ಡಬ್ಬಿಗೆ 50 ಕಡ್ಡಿ, ಬೆಲೆ ಒಂದು ಶಿಲ್ಲಿಂಗ್. ಜೊತೆಗೆ ಒಂದು ತುಂಡು ಮರಳುಕಾಗದ ಕೊಡುತ್ತಿದ್ದರು. ಅದನ್ನು ಎರಡಾಗಿ ಮಡಚಿ, ನಡುವೆ ಕಡ್ಡಿ ಇಟ್ಟು ಸರ್ರನೆ ಎಳೆಯಬೇಕು. ಗಮನಿಸಿ, ಗೀರುವ ಜಾಗ ಡಬ್ಬಿಯ ಮೇಲೆ ಇರಲಿಲ್ಲ. ಆಗ ಡಬ್ಬಿ ಬರೇ ಡಬ್ಬಿ. ಕಡ್ಡಿಯನ್ನು ಹೊರಗೆ ತೆಗೆದು ಡಬ್ಬಿ ಬಿಸಾಕಿದರೂ ನಡೆಯುತ್ತಿತ್ತು.

ಆಮೇಲೆ ಬಿಳಿ ರಂಜಕದ, ಅಂದರೆ ಫಾಸ್ಫರಸ್ಸಿನ ಕಡ್ಡಿ ಬಂತು. ಅದು ಎಲ್ಲಿ ಗೀರಿದರೂ ಹತ್ತುತ್ತಿತ್ತು. ಗೋಡೆಗೆ, ಬೂಟಿಗೆ, ಒಮ್ಮೊಮ್ಮೆ ಗೀರದೆಯೂ ಜೇಬಿನಲ್ಲೇ. ಅದನ್ನು ಮಾಡುವ ಕೆಲಸಗಾರರ ದವಡೆಯ ಮೂಳೆ ಕೊಳೆಯುತ್ತಿತ್ತು. 1888ರಲ್ಲಿ ಲಂಡನ್ನಿನ ಒಂದು ಕಾರ್ಖಾನೆಯ ಹೆಣ್ಣುಮಕ್ಕಳು ಕೆಲಸ ನಿಲ್ಲಿಸಿ ಬೀದಿಗಿಳಿದರು. 1906ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹಲವು ದೇಶಗಳು ಸೇರಿ ಬಿಳಿ ರಂಜಕ ಬೇಡ ಅಂತ ಒಪ್ಪಂದ ಮಾಡಿಕೊಂಡವು. ನಮ್ಮಲ್ಲಿ 1913ರಲ್ಲಿ ಕಾಯಿದೆ ಬಂತು.

ದಾರಿ ತೋರಿಸಿದ್ದು ಸ್ವೀಡನ್. 1844ರಲ್ಲಿ ಗುಸ್ತಾವ್ ಎರಿಕ್ ಪಾಷ್ ಎಂಬ ರಸಾಯನಶಾಸ್ತ್ರಜ್ಞರು ಒಂದು ಉಪಾಯ ಮಾಡಿದರು. ಬೆಂಕಿಯನ್ನು ಎರಡು ಪಾಲು ಮಾಡಿದರು. ಒಂದು ಪಾಲು ಕಡ್ಡಿಯ ತಲೆಗೆ, ಇನ್ನೊಂದು ಪಾಲು ಬೇರೆ ಕಡೆಗೆ. ಯೋನ್‌ಶೋಪಿಂಗ್ ಎಂಬ ಊರಿನ ಲುಂಡ್‌ಸ್ಟ್ರೋಮ್ ಅಣ್ಣತಮ್ಮಂದಿರು ಅದನ್ನು ಸುಧಾರಿಸಿ, ಮಾರುಕಟ್ಟೆಗೆ ತಂದರು. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಅದಕ್ಕೆ ಪದಕ ಸಿಕ್ಕಿತು.

ಇವತ್ತು ನನ್ನ ಕೈಯಲ್ಲಿ ಇರುವುದೂ ಅದೇ. ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್, ಗಂಧಕ, ಅಂಟು ಇರುತ್ತವೆ. ರಂಜಕ ಇರುವುದಿಲ್ಲ. ಕೆಂಪು ರಂಜಕ ಇರುವುದು ಪೆಟ್ಟಿಗೆಯ ಈ ಕಂದು ಮಗ್ಗುಲಿಗೆ, ಗಾಜಿನ ಪುಡಿಯ ಜೊತೆ. ಗೀರಿದಾಗ ಉಜ್ಜಿದ ಬಿಸಿಗೆ ಕೆಂಪು ರಂಜಕದ ಒಂದು ಕಣ ಬಿಳಿ ರಂಜಕವಾಗಿ ಹತ್ತಿಕೊಳ್ಳುತ್ತದೆ. ಕ್ಲೋರೇಟು ಆಮ್ಲಜನಕ ಕೊಡುತ್ತದೆ. ಗಂಧಕ ಉರಿ ಹಿಡಿಯುತ್ತದೆ. ಕಡ್ಡಿಗೆ ಮೊದಲೇ ಮೇಣ ಕುಡಿಸಿರುತ್ತಾರೆ, ಅದು ಉರಿಯನ್ನು ಕಟ್ಟಿಗೆಗೆ ದಾಟಿಸುತ್ತದೆ. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ.

ಈಗ ನನ್ನ ಅತ್ತೆಯ ಪ್ರಶ್ನೆಗೆ ತಿರುಗಿ ಬನ್ನಿ. ಬೆಂಕಿ ಎಲ್ಲಿದೆ? ಅರ್ಧ ಕಡ್ಡಿಯಲ್ಲಿ ಇದೆ. ಅರ್ಧ ಪೆಟ್ಟಿಗೆಯ ಮೈಮೇಲೆ ಇದೆ. ಪೆಟ್ಟಿಗೆ ಕಳೆದುಹೋದರೆ 50 ಕಡ್ಡಿ ಕೈಯಲ್ಲಿದ್ದರೂ ದೀಪ ಹತ್ತುವುದಿಲ್ಲ. ಮಳೆಗಾಲದಲ್ಲಿ ನಮ್ಮ ಫರಸಿ ಕಲ್ಲಿನ ನೆಲದ ಮೇಲೆ ಪೆಟ್ಟಿಗೆ ಮರೆತರೆ ಮಗ್ಗುಲು ಮೆತ್ತಗಾಗಿ ಸುಲಿದು ಬರುತ್ತದೆ, ಕಡ್ಡಿ ಒಣಗಿದ್ದರೂ ಉಪಯೋಗ ಇಲ್ಲ. ಹಾಗಾಗಿ ಇದು ಹಿಟ್ಟಿನ ಡಬ್ಬಿಯಂಥದಲ್ಲ. ಹಿಟ್ಟನ್ನು ಯಾವ ಡಬ್ಬಿಗೆ ಸುರಿದರೂ ಹಿಟ್ಟೇ. ಈ ಪೆಟ್ಟಿಗೆ ಬೆಂಕಿಯನ್ನು ಹೊರುವುದಲ್ಲ, ಬೆಂಕಿಯ ಅರ್ಧ ತಾನೇ ಆಗಿದೆ. ನನಗೆ ‘ಬೆಂಕಿಪೆಟ್ಟಿಗೆ’ ಎಂಬ ಹೆಸರು ಇಷ್ಟವಾಗುವುದು ಇದಕ್ಕೇ. ನಾನು ಆಡುವುದು ಕಡ್ಡಿಪೆಟ್ಟಿಗೆ ಅಂತಲೇ. ನಾಲಿಗೆ ಕೇಳುವುದಿಲ್ಲ. ಆದರೆ ಸುಮ್ನೆ ಕೂತು ಯೋಚಿಸಿದರೆ ಬೆಂಕಿಪೆಟ್ಟಿಗೆಗೆ ಒಂದು ಅಂಕ ಜಾಸ್ತಿ ಕೊಡುತ್ತೇನೆ.

ಇನ್ನು ಪೊಟ್ಟಣ. ಪಾಪ, ಅದಕ್ಕೂ ಒಂದು ಜಾಗ ಇದೆ, ಆದರೆ ಅಮೆರಿಕದಲ್ಲಿ. ಫಿಲಡೆಲ್ಫಿಯಾದ ವಕೀಲ ಜೋಶುವಾ ಪ್ಯೂಸಿ 1892ರಲ್ಲಿ ಮ್ಯಾಚ್‌ಬುಕ್ಕಿಗೆ ಪೇಟೆಂಟ್ ಪಡೆದರು. ದಪ್ಪ ಕಾಗದವನ್ನು ಮಡಚಿ, ಒಳಗೆ ರಟ್ಟಿನ ಕಡ್ಡಿಗಳ ಸಾಲನ್ನು ಪಿನ್ ಹೊಡೆದು ಕೂರಿಸಿದ್ದು. ಒಂದೊಂದೇ ಹರಿದು ಗೀರಬೇಕು. ಪುಸ್ತಕದಂತೆ ತೆರೆಯುತ್ತದೆ, ಅದಕ್ಕೆ ಆ ಹೆಸರು. ಮೊದಮೊದಲು ಗೀರುವ ಜಾಗ ಒಳಗೇ ಇತ್ತು. ಒಂದು ಗೀರಿದರೆ ಇಡೀ ಸಾಲು ಹತ್ತುವ ಭಯ. ಆಮೇಲೆ ಅದನ್ನು ಹೊರಗೆ ತಂದು, ‘ಮುಚ್ಚಿ ಆಮೇಲೆ ಗೀರಿ’ ಅಂತ ಅಚ್ಚು ಹಾಕಿದರು. ನಮ್ಮಲ್ಲಿ ದೊಡ್ಡ ಹೋಟೆಲುಗಳಲ್ಲಿ ಬಿಟ್ಟರೆ ಅದು ಕಾಣುವುದೇ ಕಡಿಮೆ. ನಿಜವಾಗಿ ಕಾಗದ ಮಡಚಿ ಮಾಡಿದ ಬೆಂಕಿಪೊಟ್ಟಣ ಅಂದರೆ ಅದೇ! ಅಲ್ಲಿ ಎರಡು ವಸ್ತು, ಎರಡು ಹೆಸರು. ನಮ್ಮಲ್ಲಿ ಒಂದೇ ವಸ್ತು, ಎರಡು ಹೆಸರು.

ಸ್ವೀಡನ್ನಿನವರ ಕಂಪನಿ 1923ರಲ್ಲಿ ವಿಮ್ಕೋ ಅಂತ ನಮ್ಮ ದೇಶದಲ್ಲೇ ಶುರುವಾಯಿತು, ಮುಂಬೈ ಹತ್ತಿರದ ಅಂಬರನಾಥದಲ್ಲಿ ಕಾರ್ಖಾನೆ ಹಾಕಿತು. ನಮ್ಮ ಹಡಗಿನ ಛಾಪಾ ಅವರದ್ದೇ. ಅದೇ ಹೊತ್ತಿಗೆ ಶಿವಕಾಶಿಯ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಕಲ್ಕತ್ತಾಕ್ಕೆ ಹೋಗಿ ಕೆಲಸ ಕಲಿತು ಬಂದು ತಮ್ಮ ಊರಿನಲ್ಲಿ ಮಾಡಲು ಶುರು ಮಾಡಿದರು. ಮಳೆ ಕಡಿಮೆ, ಒಣ ಹವೆ, ಕಡ್ಡಿಗೆ ಬೇಕಾದದ್ದೇ ಅದು. ನಮ್ಮ ಕಲಬುರಗಿಯಲ್ಲೂ ಒಣ ಹವೆಗೆ ಬರ ಇಲ್ಲ, ಆದರೆ ನಮಗೆ ಹಾಗೆ ಹೊಳೆಯಲಿಲ್ಲ. ಬೆಲೆ ಏರಿದ್ದು ನಿಧಾನ. 1995ರಲ್ಲಿ 25 ಪೈಸೆಯಿಂದ 50 ಪೈಸೆ. 2007ರಲ್ಲಿ ಒಂದು ರೂಪಾಯಿ. ಆಮೇಲೆ 14 ವರ್ಷ ಅಲ್ಲೇ ನಿಂತು, 2021ರ ಡಿಸೆಂಬರ್ 1ರಿಂದ ಎರಡು ರೂಪಾಯಿ. ಕಾರ್ಖಾನೆಯವರು 600 ಪೆಟ್ಟಿಗೆಗೆ ಒಂದು ಬಂಡಲ್ ಅಂತ ಲೆಕ್ಕ ಹಿಡಿಯುತ್ತಾರೆ. ಅವರ ಮಟ್ಟಿಗೆ ಪೆಟ್ಟಿಗೆಯೂ ಕಡ್ಡಿಯಂತೆ, ಇನ್ನೊಂದರ ಒಳಗಿನ ಸಾಮಾನು.

ಕೊನೆಯದಾಗಿ ಒಂದು ಬೇಸರದ ಮಾತು. ನಾನು ಕೆಲಸದಲ್ಲಿದ್ದಾಗ ಒಂದು ಪರೀಕ್ಷೆಯಲ್ಲಿ ಚಿತ್ರ ಕೊಟ್ಟು ಹೆಸರು ಬರೆಯಿರಿ ಅಂದಿದ್ದರು. ಇದೇ ಚಿತ್ರ. ನನ್ನ ವಿದ್ಯಾರ್ಥಿನಿ, ಚಿತ್ತಾಪುರದ ಕಡೆಯ ಹುಡುಗಿ, ‘ಕಡ್ಡಿಪೆಟ್ಟಿಗೆ’ ಅಂತ ಚೆಂದಾಗಿ ಬರೆದಿದ್ದಳು. ಉತ್ತರ ಪತ್ರಿಕೆ ತಿದ್ದಿದವರು ಕೆಂಪು ಗೀಟು ಎಳೆದು ‘ಬೆಂಕಿಪೊಟ್ಟಣ’ ಅಂತ ಬರೆದು ಸೊನ್ನೆ ಕೊಟ್ಟರು. ನಾನು ಹೋಗಿ ಕೇಳಿದೆ. ‘ಪುಸ್ತಕದಲ್ಲಿ ಹಾಗಿದೆ’ ಅಂದರು. ಅದಕ್ಕಿಂತ ಮುಂದೆ ಮಾತು ಹೋಗಲಿಲ್ಲ. ಮಳಖೇಡ ಇಲ್ಲಿಂದ ದೂರವೇನಲ್ಲ, ಸೇಡಂ ತಾಲೂಕು. ರಾಷ್ಟ್ರಕೂಟರ ಆ ಊರಿನ ಆಸ್ಥಾನದಲ್ಲಿ 9ನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ನಮ್ಮ ಭಾಷೆಯನ್ನು ‘ಕನ್ನಡಂಗಳ್’ ಅಂತ ಬಹುವಚನದಲ್ಲಿ ಕರೆಯಿತು. ಅವುಗಳ ದೋಷ ಎಣಿಸುತ್ತ ಕೂತರೆ ವಾಸುಕಿಗೂ ಬೇಸರ ಬರುತ್ತದೆ ಅಂದಿತು. ನಮ್ಮ ಮೌಲ್ಯಮಾಪಕರಿಗೆ ಬೇಸರ ಬರಲಿಲ್ಲ. ಆ ಹುಡುಗಿ ಒಂದು ಅಂಕ ಕಳೆದುಕೊಂಡಳು. ಅದಕ್ಕಿಂತ ಹೆಚ್ಚಾಗಿ ಅವಳವ್ವ ಆಡುವ ಮಾತು ತಪ್ಪು ಅಂತ ನಂಬಿದಳು. ಮುಂದೆ ನನ್ನ ಎದುರು ಯಾವತ್ತೂ ಕಡ್ಡಿಪೆಟ್ಟಿಗೆ ಅನ್ನಲಿಲ್ಲ. ನನಗೆ ಇವತ್ತಿಗೂ ಆ ಕೆಂಪು ಗೀಟು ಚುಚ್ಚುತ್ತದೆ.

ಆಮೇಲೆ ಪ್ರಶ್ನೆಗಳು ಬಂದವು. ಮೈಸೂರಿನ ಬ್ಯಾಂಕಿನವರು ಎದ್ದು, ‘ಹಾಗಾದ್ರೆ ಮ್ಯಾಚ್‌ಬುಕ್ಕಿಗೆ ಬೆಂಕಿಪೊಟ್ಟಣ ಅಂತ, ಇದಕ್ಕೆ ಬೆಂಕಿಪೆಟ್ಟಿಗೆ ಅಂತ ನಿಗದಿ ಮಾಡಿಬಿಡಬಹುದಲ್ವಾ ಮೇಡಂ?’ ಅಂದರು. ಮಾತು ರೇಷನ್ ಅಂಗಡಿಯ ಸಕ್ಕರೆಯಲ್ಲ, ಇವರಿಗಿಷ್ಟು ಅವರಿಗಿಷ್ಟು ಅಂತ ಹಂಚಲಿಕ್ಕೆ ಬರುವುದಿಲ್ಲ ಅಂದೆ. ನಿಮ್ಮ ಮನೆಯಲ್ಲಿ ಪೊಟ್ಟಣ ಆರಾಮಾಗಿ ಇರಲಿ. ಹಿಂದಿನ ಸಾಲಿನ ಮಾಚಿಸ್ ಚಾಚಾ ‘ನಮ್ದು ಮಾಚಿಸ್ ಸರಿ ಅದ ಇಲ್ಲ ಅಕ್ಕಾರ?’ ಅಂತ ಕೇಳಿದರು. ‘ಸರಿ ಅದರಿ ಚಾಚಾ, ನಿಮ್ದs ಎಲ್ಲಾರಕಿಂತ ಸಣ್ಣ ಹೆಸರು’ ಅಂದೆ. ಲೈಟರ್ ಹುಡುಗನ ಪ್ರಶ್ನೆ ಒಳ್ಳೆಯದಿತ್ತು. ಕಡ್ಡಿಯೇ ಹೋಗಿ ಎಲ್ಲ ಕಡೆ ಲೈಟರ್ ಬಂದರೆ ಈ ಹೆಸರುಗಳೂ ಹೋಗ್ತಾವಾ? 2023ರಲ್ಲಿ ಸರ್ಕಾರ 20 ರೂಪಾಯಿಗಿಂತ ಕಡಿಮೆ ಬೆಲೆಯ ಲೈಟರುಗಳ ಆಮದು ನಿಲ್ಲಿಸಿತು, ನಿನ್ನದು ಎಷ್ಟರದ್ದು ಅಂತ ಕೇಳಿದೆ. ಅವನು ಅಪ್ಪನ ಕಡೆ ನೋಡಿ ಕೂತುಬಿಟ್ಟ.

ಮಾತಾಡುವಾಗ ನನ್ನ ಪೆಟ್ಟಿಗೆಯನ್ನು ನೋಡಲಿಕ್ಕೆ ಅಂತ ಮುಂದಿನ ಸಾಲಿಗೆ ಕೊಟ್ಟಿದ್ದೆ. ಅದು ಕೈಯಿಂದ ಕೈಗೆ ಹೋಗಿ, ಕೊನೆಗೆ ನೆಲದ ಮೇಲೆ ಕೂತ ಮಕ್ಕಳ ಹತ್ತಿರ ಸೇರಿತ್ತು. ಅವರು ಕಡ್ಡಿ ಜೋಡಿಸಿ ಮನೆ, ಮೀನು, ನಕ್ಷತ್ರ ಮಾಡುತ್ತಿದ್ದರು. ಹೊರಡುವಾಗ ಒಬ್ಬಳು ಮುಚ್ಚಿ ತಂದು ಕೊಟ್ಟಳು. ಚೀಲದಲ್ಲಿ ಹಾಕಿಕೊಂಡು ಬಂದೆ.

ಮನೆಗೆ ಬಂದರೆ ಸೊಸೆ ದೇವರ ಮುಂದೆ ಕೂತಿದ್ದಳು. ‘ಅತ್ತೆ, ಬೆಂಕಿಪೊಟ್ಟಣ ತಗೊಂಡು ಹೋಗಿದ್ರಲ್ಲ, ಕೊಡಿ’ ಅಂದಳು. ಕೊಟ್ಟೆ. ಖಾನೆ ತೆಗೆದು ನೋಡಿದಳು. ಒಳಗೆ ಒಂದು ಬಳಪದ ಚೂರು, ಎರಡು ಹುಣಸೆ ಬೀಜ.